ತಂಪು ಕೋಣೆಯ ತಪ್ಪುಕಾಣಿಕೆ

೨೦ ಮೇ ೨೦೨೪, ಸೋಮವಾರ
ಕಾರ್ಕಳ

ಇವತ್ತಿನ ಪತ್ರಿಕೆಯಲ್ಲಿ ನಮ್ಮ ಕಂಪನಿಯ ಧಣಿ ಜಿತೇಂದ್ರರ ಫೋಟೋ ಬಂದಿದೆ. ಉಚ್ಚಿಲದ ಮೀನಿನ ಶೈತ್ಯಾಗಾರದಲ್ಲಿ, ಗೋಡೆಯ ಮೇಲಿನ ನಮ್ಮ ಕಂಟ್ರೋಲ್ ಪೆಟ್ಟಿಗೆಗೆ ಕೈ ಆನಿಸಿ, ಮದುಮಗನ ಹಾಗೆ ನಿಂತಿದ್ದಾರೆ. ‘ಮಣಿಪಾಲದ ಉದ್ಯಮಿಯ ಹೊಸ ಸಾಧನೆ’ ಎಂದು ತಲೆಬರಹ. ಆ ಪೆಟ್ಟಿಗೆಯ ಮುಚ್ಚಳ ತೆಗೆಯಬೇಕಾದರೂ ಈ ಉದ್ಯಮಿ ನನ್ನನ್ನೇ ಕರೆಯಬೇಕು. ಹನ್ನೆರಡು ವರ್ಷದಿಂದ ನಾನು ಮಾಡಿದ್ದಕ್ಕೆಲ್ಲ ಕಂಪನಿಯಲ್ಲಿ ‘ನಮ್ಮ ತಂಡ’ ಎಂಬ ಹೆಸರು. ತಂಡ ಎಂದರೆ ನಾನು ಮತ್ತು ಒಂದು ಸೋಲ್ಡರಿಂಗ್ ಮೇಜು.

ಒಳಗೆ ಕೃತಕ ಬುದ್ಧಿಮತ್ತೆ ಉಂಟು ಎಂದು ಬೇರೆ ಹೇಳಿದ್ದಾರೆ ಪುಣ್ಯಾತ್ಮ. ಒಳಗಿರುವುದು ಅಂಗೈಯಗಲದ ಒಂದು ಲಿನಕ್ಸ್ ಬೋರ್ಡು ಮತ್ತು ನಾನು ಬರೆದ ನೂರ ಹತ್ತು ಸಾಲು. ಯಾರೂ ಕೇಳುವುದಿಲ್ಲವಾದ್ದರಿಂದ ಇಲ್ಲಾದರೂ ಸರಿಯಾಗಿ ಬರೆದಿಡುತ್ತೇನೆ.

ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ತಳದಲ್ಲಿ, ಯಂತ್ರದೊಡನೆ ಮಾತಾಡುವ ಕರ್ನೆಲ್ ಎಂಬ ಭಾಗ, ತನಗೆ ಜೋಡಿಸಿದ ಪ್ರತಿಯೊಂದು ಸಾಧನಕ್ಕೂ ಒಂದು ಫೋಲ್ಡರ್ ತೆರೆದು ಕೊಡುತ್ತದೆ. ಒಳಗೆ ಫೈಲುಗಳು ಕಾಣುತ್ತವೆ. ಆದರೆ ಡಿಸ್ಕಿನಲ್ಲಿ ಹುಡುಕಿದರೆ ಅವು ಎಲ್ಲಿಯೂ ಇಲ್ಲ. ನಾವು ಫೈಲನ್ನು ಓದಲು ಹೋದಾಗ ಕರ್ನೆಲ್ ಓಡಿಹೋಗಿ ಸೆನ್ಸರನ್ನು ಕೇಳಿ, ಆ ಕ್ಷಣದ ಉಷ್ಣತೆಯನ್ನು ತಂದು ತೋರಿಸುತ್ತದೆ. ಇನ್ನೊಂದು ಫೈಲಿಗೆ ‘೧’ ಎಂದು ಬರೆದರೆ ಕಂಪ್ರೆಸರ್ ಶುರುವಾಗುತ್ತದೆ, ‘೦’ ಎಂದು ಬರೆದರೆ ನಿಲ್ಲುತ್ತದೆ. ಒಂದು ಅಂಕೆ ಬರೆದು ಇಡೀ ಒಂದು ಕೋಣೆಯನ್ನು ತಣಿಸಬಹುದು ಎಂಬುದು ಹನ್ನೆರಡು ವರ್ಷದ ಮೇಲೂ ನನಗೆ ಖುಷಿ ಕೊಡುತ್ತದೆ.

ಉಚ್ಚಿಲದಲ್ಲಿ ಎರಡು ಕೋಣೆಗಳಿವೆ. ಒಂದು ಫ್ರೀಜರ್, ಮೈನಸ್ ಹದಿನೆಂಟು ಡಿಗ್ರಿ. ಪಕ್ಕದ್ದು ತಂಪು ಕೋಣೆ, ಮಂಜುಗಡ್ಡೆಯಲ್ಲಿ ಹಸಿ ಮೀನು ಇಡುವುದು, ಸೊನ್ನೆಯ ಆಚೀಚೆ. ಕರ್ನೆಲ್ ಫ್ರೀಜರಿನ ಸೆನ್ಸರಿಗೆ ಎರಡು, ತಂಪು ಕೋಣೆಯದ್ದಕ್ಕೆ ಮೂರು ಎಂದು ಸಂಖ್ಯೆ ಕೊಟ್ಟಿದೆ. ಎರಡನ್ನು ಓದಿ ಫ್ರೀಜರಿನ ಕಂಪ್ರೆಸರ್ ನಡೆಸುವುದು, ಮೂರನ್ನು ಓದಿ ತಂಪು ಕೋಣೆಯದ್ದನ್ನು ನಡೆಸುವುದು ಆ ನೂರ ಹತ್ತು ಸಾಲಿನ ನನ್ನ ಸ್ಕ್ರಿಪ್ಟಿನ ಕೆಲಸ. ಬೇಕಾದಷ್ಟು ತಂಪಿದ್ದರೆ ಹೊರಗೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಹನ್ನೊಂದು ತಿಂಗಳಲ್ಲಿ ಒಂದು ದಿನವೂ ತಪ್ಪಿಲ್ಲ. ಇದು ಪತ್ರಿಕೆಯಲ್ಲಿ ಬಂದಿಲ್ಲ.

೮ ಜೂನ್, ಶನಿವಾರ

ಚಿಕ್ಕಮ್ಮನ ಮಗಳ ಸೀಮಂತ. ವರ್ಷಕ್ಕೊಮ್ಮೆ ರೇಷ್ಮೆ ಸೀರೆ ಉಟ್ಟರೆ ಅದೇ ದಿನ ಉಚ್ಚಿಲದಿಂದ ಫೋನು.

ಮಾಡಿದ್ದು ದೂಮಪ್ಪ, ಶೈತ್ಯಾಗಾರದ ಆಪರೇಟರ್. ಹತ್ತೊಂಬತ್ತು ವರ್ಷ ಕಂಪ್ರೆಸರಿನ ಸದ್ದು ಕೇಳಿ, ಗೋಡೆಗೆ ಅಂಗೈ ಒತ್ತಿ ಆ ಎರಡು ಕೋಣೆಗಳನ್ನು ನೋಡಿಕೊಂಡವರು. ಪೆಟ್ಟಿಗೆ ಬಂದ ಮೇಲೆ ಅವರಿಗೆ ಉಳಿದ ಕೆಲಸ ದೀಪ ನೋಡುವುದು. ಗಾಳಿಮಳೆಗೆ ಕರೆಂಟು ಹೋಗಿ ಬಂತಂತೆ, ಎರಡು ದೀಪವೂ ಸತ್ತಿದೆಯಂತೆ. ಒಮ್ಮೆ ಆಫ್ ಮಾಡಿ, ಹತ್ತು ಎಣಿಸಿ ಆನ್ ಮಾಡಿ ಎಂದೆ. ಮಾಡಿದರು. ದೀಪ ಬಂತು.

ಊಟಕ್ಕೆ ಕೂತಾಗ ಮತ್ತೆ ಫೋನು.

“ಮೇಡಂ, ಫ್ರೀಜರಿಗೆ ಕೆಂಪು ತೋರಿಸುತ್ತಾ ಉಂಟು. ತಂಪು ಕೋಣೆಗೆ ಹಸಿರು. ಆದರೆ ನಾನು ಕೈ ಇಟ್ಟು ನೋಡಿದೆ. ಫ್ರೀಜರ್ ಕಲ್ಲಿನ ಹಾಗೆ ಉಂಟು. ತಂಪು ಕೋಣೆಯಲ್ಲೇ ಐಸ್ ಸಡಿಲ ಆಗಿದೆ.”

ಫ್ರೀಜರಿನ ಬಾಗಿಲು ಯಾರೋ ತೆರೆದಿಟ್ಟಿರಬೇಕು, ಸ್ವಲ್ಪ ಹೊತ್ತಿನಲ್ಲಿ ಸರಿಯಾಗುತ್ತದೆ ಎಂದೆ. ಕೇಳಬೇಕಲ್ಲ! “ಕೈಗೆ ಹಾಗೆ ಕಾಣುವುದಿಲ್ಲ ಮೇಡಂ. ನಾನು ತಂಪು ಕೋಣೆಯ ಕಂಪ್ರೆಸರನ್ನು ಕೈಯಲ್ಲೇ ಹಾಕಲಾ?”

ನನಗೆ ರೇಗಿತು. “ದೂಮಪ್ಪಣ್ಣ, ಸೆನ್ಸರಿಗೆ ನಿಮ್ಮ ಕೈಗಿಂತ ಚೆನ್ನಾಗಿ ಗೊತ್ತುಂಟು. ದಯವಿಟ್ಟು ಇನ್ನು ಎಂತದನ್ನೂ ಮುಟ್ಟಬೇಡಿ” ಎಂದೆ. ಚಿಕ್ಕಮ್ಮ ನನ್ನ ಎಲೆಗೆ ಹೋಳಿಗೆ ಹಾಕಿ ನಿಂತಿದ್ದರು. ಮೂರನೆಯ ಸಲ ದೂಮಪ್ಪನವರ ಹೆಸರು ಕಂಡಾಗ ಫೋನು ಮಗುಚಿ ಇಟ್ಟೆ.

ಹೋಳಿಗೆ ಚೆನ್ನಾಗಿತ್ತು.

೧೦ ಜೂನ್, ಸೋಮವಾರ

ತಂಪು ಕೋಣೆಯ ಮೀನು ಪೂರ್ತಿ ಹಾಳಾಗಿದೆ.

ಜಿತೇಂದ್ರರ ಕಾರಿನಲ್ಲಿ ಬೆಳಿಗ್ಗೆಯೇ ಹೋದೆವು. ಹೆದ್ದಾರಿ ದಾಟುವಾಗಲೇ ವಾಸನೆ. ಮಳೆಗಾಲದ ನಿಷೇಧ, ಜೂನ್ ಒಂದರಿಂದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೇ ಕೊನೆಯ ಮೀನನ್ನು ಐಸಿನಲ್ಲಿ ಇಟ್ಟು, ಬೋಟು ನಿಂತ ಮೇಲಿನ ಮೊದಲ ಹದಿನೈದು ದಿನ ಮಾರುವುದು ಮೀನು ಮಾರುವ ಹೆಂಗಸರ ಸಂಘದವರ ಕ್ರಮ. ಮಳೆಗಾಲ ಕಳೆಯುವುದು ಅದರ ಮೇಲೆ. ಇಪ್ಪತ್ತೆರಡು ಹೆಂಗಸರು ಬಾಗಿಲಿನಲ್ಲಿ ನಿಂತಿದ್ದರು. ದೂಮಪ್ಪನವರ ಹೆಂಡತಿ ಸರಸ ಕೂಡ ಆ ಸಂಘದವರೇ. ಅವರು ಮಾತ್ರ ಉಳಿದವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದರು, ಅಥವಾ ಉಳಿದವರು ಅವರಿಂದ ದೂರ ನಿಂತಿದ್ದರು.

ಶೈತ್ಯಾಗಾರದ ಯಜಮಾನರು ಸರ್ವೋತ್ತಮ ಎಂದು. ನಾವು ಬರುವ ಮೊದಲೇ ಗಾಬರಿಯಲ್ಲಿ ಅವರೇ ಪೆಟ್ಟಿಗೆಯನ್ನು ಆಫ್ ಆನ್ ಮಾಡಿದ್ದರು. ನಾನು ಲ್ಯಾಪ್‌ಟಾಪ್ ಜೋಡಿಸಿ ನೋಡಿದಾಗ ಎಲ್ಲ ಸರಿ ಇತ್ತು. ಎರಡು ಓದಿದರೆ ಫ್ರೀಜರ್, ಮೂರು ಓದಿದರೆ ತಂಪು ಕೋಣೆ. ಆ ಫೈಲುಗಳಲ್ಲಿ ನಿನ್ನೆ ಮೊನ್ನೆ ಎಂಬುದು ಇರುವುದಿಲ್ಲ. ಕೇಳಿದಾಗ ಈಗಿನದ್ದನ್ನು ಹೇಳುತ್ತವೆ, ಅಷ್ಟೇ. ಪೆಟ್ಟಿಗೆಯ ದಾಖಲೆಗಳನ್ನೆಲ್ಲ ನಕಲು ಮಾಡಿಕೊಂಡು ಬಂದೆ.

ದೂಮಪ್ಪ ಎಲ್ಲವನ್ನೂ ಇದ್ದ ಹಾಗೆಯೇ ಹೇಳಿದರು. ನಾನು ಹೇಳಿದಂತೆ ಆಫ್ ಆನ್ ಮಾಡಿದ್ದು, ಆಮೇಲೆ ಮುಟ್ಟದೆ ಕೂತದ್ದು, ಮೂರನೆಯ ಸಲ ನಾನು ಫೋನು ಎತ್ತದೆ ಇದ್ದದ್ದು. ಸರ್ವೋತ್ತಮ ನನ್ನ ಮುಖ ನೋಡಿದರು.

“ಆಫ್ ಆನ್ ಮಾಡಿದರೆ ಹೀಗೆ ಆಗುವುದಿಲ್ಲ. ಲೋಕದಲ್ಲೆಲ್ಲ ಮಾಡುತ್ತಾರೆ. ಬೇರೆ ಎಂತದೋ ಆಗಿರಬೇಕು” ಎಂದೆ.

ಇದು ನಿಜ. ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಸರ್ವೋತ್ತಮ ಅಲ್ಲಿಯೇ ದೂಮಪ್ಪನವರ ಕೈಯಿಂದ ಬೀಗದ ಕೈ ತೆಗೆದುಕೊಂಡರು. ವಾಪಸು ಬರುವಾಗ ಕಾಪುವಿನಲ್ಲಿ ಕಾರು ನಿಲ್ಲಿಸಿ ಜಿತೇಂದ್ರ ಚಹಾ ಕುಡಿಸಿದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ.

೧೫ ಜೂನ್, ಶನಿವಾರ

ಸಂಕ್ರಮಣ. ಸಂಘದ ಹೆಂಗಸರು ಪೊಲೀಸು ಬೇಡ, ದೈವದ ಎದುರು ಆಗಲಿ ಎಂದು ಹಟ ಹಿಡಿದಿದ್ದರು. “ಪೆಟ್ಟಿಗೆಗೆ ನಾನು ಕೈ ಹಾಕಲಿಲ್ಲ” ಎಂದು ದೂಮಪ್ಪ ಕಡಲಿನವರ ದೈವ ಬೊಬ್ಬರ್ಯನ ಗುಡಿಯ ಎದುರು ಪ್ರಮಾಣ ಮಾಡಿದರೆ ಅವರಿಗೆ ಅಷ್ಟು ಸಾಕು. ಆಮೇಲೆ ಯಾರೂ ಒಂದು ಮಾತು ಆಡುವುದಿಲ್ಲ. ನಮ್ಮ ಕಡೆಯವರೂ ಇರಬೇಕೆಂದು ಜಿತೇಂದ್ರ ನನ್ನನ್ನು ಕರೆದುಕೊಂಡು ಹೋದರು. ಈ ಕಾಲದಲ್ಲಿ ಇದೆಲ್ಲ ಎಂತದು ಎಂದು ದಾರಿಯುದ್ದಕ್ಕೂ ನಾವಿಬ್ಬರೂ ನಕ್ಕೆವು.

ದೂಮಪ್ಪ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಬಂದು ನಿಂತರು. ದೀಪ ಹಚ್ಚಿತ್ತು. ಒಂದೇ ವಾಕ್ಯ. ಹೇಳಿದ್ದರೆ ಅವರ ಕೆಲಸವೂ ಮಾನವೂ ಅಲ್ಲಿಯೇ ವಾಪಸು ಸಿಗುತ್ತಿತ್ತು. ಆ ಮನುಷ್ಯ ತಮ್ಮ ಬಲಗೈಯನ್ನೇ ನೋಡಿಕೊಂಡು ನಿಂತರು. ಗುಡಿಯ ಹಿರಿಯರು ಎರಡು ಸಲ ಕೇಳಿದ ಮೇಲೆ ದೂಮಪ್ಪ ಹೇಳಿದರು:

“ಕೈ ಹಾಕಿದ್ದೇನಲ್ಲ. ಆಫ್ ಮಾಡಿದ್ದು ಇದೇ ಕೈ. ಹಾಕಲಿಲ್ಲ ಅಂತ ಹೇಗೆ ಹೇಳುವುದು?”

“ಆಫ್ ಮಾಡಿದ್ದರಲ್ಲಿ ತಪ್ಪಿಲ್ಲ ಅಂತ ಮೇಡಂ ಹೇಳಿದ್ದಾರಲ್ಲ ಮಾರಾಯ” ಎಂದು ಸರ್ವೋತ್ತಮ ಸಿಡುಕಿದರು.

“ಹಾಗಾದರೆ ಬೇರೆ ಎಂತದೋ ಮಾಡಿದ್ದೇನೆ. ಎಂತ ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಮಾಡಲಿಲ್ಲ ಅಂತ ದೈವಕ್ಕೆ ಹೇಗೆ ಹೇಳುವುದು?”

ಇದಕ್ಕಿಂತ ಹೆಚ್ಚು ಯಾರಿಗೂ ಬೇಕಿರಲಿಲ್ಲ. ಹೆಂಗಸರು ಎದ್ದು ಹೋದರು. ಸರಸ ಒಬ್ಬರೇ ಕೊನೆಗೆ ಕೊಡೆ ಬಿಡಿಸಿ ಗಂಡನ ತಲೆಗೆ ಹಿಡಿದರು.

ನನ್ನನ್ನು ಪ್ರಮಾಣ ಮಾಡಿ ಎಂದು ಯಾರೂ ಕೇಳಲಿಲ್ಲ. ಇಂಜಿನಿಯರನ್ನು ಯಾರೂ ಕೇಳುವುದಿಲ್ಲ. ನನಗೆ ಹಸಿವಾಗಿತ್ತು.

೧೯ ಜೂನ್, ಬುಧವಾರ

ಸಿಕ್ಕಿತು.

೨೦ ಜೂನ್, ಗುರುವಾರ

ರಜೆ ಹಾಕಿ ಮನೆಯಲ್ಲಿ ಕೂತಿದ್ದೇನೆ. ಬರೆದು ಮುಗಿಸುತ್ತೇನೆ.

ಕಚೇರಿಯಲ್ಲಿ ಅದೇ ರೀತಿಯ ಬೋರ್ಡಿಗೆ ಎರಡು ಸೆನ್ಸರ್ ಜೋಡಿಸಿ ನಲವತ್ತು ಸಲ ಆಫ್ ಆನ್ ಮಾಡಿದೆ. ಮೂವತ್ತೇಳು ಸಲ ಎಲ್ಲ ಸರಿ. ಮೂರು ಸಲ ಎರಡು ಮೂರಾಗಿತ್ತು, ಮೂರು ಎರಡಾಗಿತ್ತು. ಬೋರ್ಡು ಏಳುವಾಗ ಯಾವ ಸೆನ್ಸರ್ ಮೊದಲು ಓಗೊಡುತ್ತದೋ ಅದಕ್ಕೆ ಕರ್ನೆಲ್ ಎರಡು ಎಂದು ಸಂಖ್ಯೆ ಕೊಡುತ್ತದೆ, ಆಮೇಲೆ ಎದ್ದದ್ದಕ್ಕೆ ಮೂರು. ಅಲ್ಲಿಯವರೆಗೆ ಪ್ರತಿ ಸಲವೂ ಫ್ರೀಜರಿನದ್ದೇ ಮೊದಲು ಏಳುತ್ತಿತ್ತು. ಆ ಶನಿವಾರ ತಂಪು ಕೋಣೆಯದ್ದು ಮೊದಲು ಎದ್ದಿತು. ನನ್ನ ಸ್ಕ್ರಿಪ್ಟು ಫ್ರೀಜರಿನ ಮೈನಸ್ ಹದಿನೆಂಟನ್ನು ಓದಿ, ತಂಪು ಕೋಣೆ ಬೇಕಾದ್ದಕ್ಕಿಂತ ತಂಪಾಗಿದೆ ಎಂದುಕೊಂಡು ಅದರ ಕಂಪ್ರೆಸರನ್ನು ನಿಲ್ಲಿಸಿ, ಹಸಿರು ದೀಪ ಹಚ್ಚಿ ಎರಡು ದಿನ ಸುಮ್ಮನೆ ಕೂತಿತು. ಉಚ್ಚಿಲದಿಂದ ತಂದ ದಾಖಲೆಯಲ್ಲಿಯೂ ಅದೇ ಉಂಟು. ಜೂನ್ ಎಂಟು, ಹನ್ನೆರಡು ಗಂಟೆ ನಾಲ್ಕು ನಿಮಿಷ. ಮೊದಲು ತಂಪು ಕೋಣೆ, ಆಮೇಲೆ ಫ್ರೀಜರ್.

ಸಂಖ್ಯೆಯನ್ನು ನಂಬಬೇಡಿ, ಫೋಲ್ಡರಿನ ಒಳಗೆ ಹೋಗಿ ಅದು ಯಾವ ಸಾಧನ ಎಂದು ನೋಡಿಕೊಳ್ಳಿ ಎಂದು ಕರ್ನೆಲ್ ಬರೆದವರು ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಓದಿದ್ದೆ. ಕಳೆದ ವರ್ಷ ಪೆಟ್ಟಿಗೆ ಕೂರಿಸುವ ವಾರ ಓದಿ, ಆಮೇಲೆ ಮಾಡಿದರಾಯಿತು ಎಂದುಕೊಂಡಿದ್ದೆ. ಎರಡು ಸಾಲಿನ ಕೆಲಸ.

ಆದರೂ ಕೆಲವು ವಿಷಯ ನೋಡಬೇಕು. ಪೆಟ್ಟಿಗೆ ಬೇಗ ಕೊಡಿ ಎಂದು ಕುತ್ತಿಗೆಯ ಮೇಲೆ ಕೂತವರು ಜಿತೇಂದ್ರ. ಕರೆಂಟು ಕುಣಿಯದಂತೆ ಸ್ಟೆಬಿಲೈಸರ್ ಹಾಕದವರು ಸರ್ವೋತ್ತಮ. ಮೂರನೆಯ ಸಲ ನಾನು ಫೋನು ಎತ್ತದಿದ್ದರೆ ದೂಮಪ್ಪ ಕಚೇರಿಗೆ ಫೋನು ಮಾಡಬಹುದಿತ್ತು. ಅಷ್ಟು ಖಾತ್ರಿ ಇದ್ದಿದ್ದರೆ ನನ್ನ ಮಾತು ಮೀರಿ ಕಂಪ್ರೆಸರ್ ಹಾಕಬಹುದಿತ್ತು. ಹತ್ತೊಂಬತ್ತು ವರ್ಷದ ಅನುಭವ ಎನ್ನುತ್ತಾರಲ್ಲ!

ಮುಟ್ಟಬೇಡಿ ಎಂದದ್ದು ನಾನೇ. ಗೊತ್ತು. ಬೆಳಿಗ್ಗೆಯಿಂದ ನನಗೆ ನನ್ನ ಮೇಲೆ ಅಸಹ್ಯವಾಗುತ್ತಿದೆ. ಸೋಮವಾರ ಜಿತೇಂದ್ರರಿಗೆ ಹೇಳುತ್ತೇನೆ.

೨೪ ಜೂನ್, ಸೋಮವಾರ

ಹೇಳಲು ಹೋದೆ. “ಸರ್, ಉಚ್ಚಿಲದ್ದು ಎಂತ ಆಗಿದ್ದು ಅಂದರೆ...” ಎಂದು ಶುರು ಮಾಡಿದ್ದಷ್ಟೇ. ಜಿತೇಂದ್ರ ಎದ್ದು ಬಾಗಿಲು ಹಾಕಿದರು.

“ಪ್ರಫುಲ್ಲಾ, ಹೇಳಬೇಡಿ. ನೀವು ಹೇಳಿದರೆ ನನಗೆ ಗೊತ್ತಾಗುತ್ತದೆ. ನನಗೆ ಗೊತ್ತಾದರೆ ನಾನು ಸರ್ವೋತ್ತಮರಿಗೆ ಹೇಳಬೇಕು. ಇನ್ನು ಐದು ಕಡೆ ಇದೇ ಪೆಟ್ಟಿಗೆ ಉಂಟು. ಸರಿ ಮಾಡಲಿಕ್ಕೆ ಆಗುತ್ತದಾ?”

“ಆಗುತ್ತದೆ.”

“ಮತ್ತೆಂತ? ಮಾಡಿ.”

ಎರಡು ಸಾಲು ಬರೆದೆ. ಊಟದ ಹೊತ್ತಿಗೆ ಮುಗಿಯಿತು. ಹೇಳಲು ಹೋದವಳು ನಾನು, ಕೇಳದೆ ಇದ್ದವರು ಅವರು. ಇದನ್ನು ಮರೆಯಬಾರದು.

೩ ಜುಲೈ, ಬುಧವಾರ

ಆರು ಕಡೆಗೂ ಹೊಸ ಆವೃತ್ತಿ ಹೋಯಿತು. ‘ಸಣ್ಣಪುಟ್ಟ ಸುಧಾರಣೆಗಳು’ ಎಂದು ಬರೆದೆವು. ಮೀಟಿಂಗಿನಲ್ಲಿ ಎಲ್ಲರ ಎದುರು ಜಿತೇಂದ್ರ, “ಇದು ಪೂರ್ತಿ ಪ್ರಫುಲ್ಲಾ ಅವರ ಕೆಲಸ” ಎಂದರು. ಚಪ್ಪಾಳೆ ತಟ್ಟಿದರು. ಸ್ಟೋರಿನ ಶಾರ್ಲೆಟ್ ಬಂದು ಕೈ ಕುಲುಕಿದಳು. ಬರಬೇಕಾದ ಮಾತು ಹನ್ನೆರಡು ವರ್ಷ ತಡವಾಗಿ ಬಂತು, ಅದಕ್ಕೆ ಮಾತ್ರ ಬೇಸರ.

೨೩ ಜುಲೈ, ಮಂಗಳವಾರ

ಸರಸ ಮಣಿಪಾಲಕ್ಕೆ, ಕಚೇರಿಗೇ ಬಂದಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ, ಸೀರೆ ಒದ್ದೆ ಉಂಟು ಎಂದರು. ಮಾರುಕಟ್ಟೆಯಲ್ಲಿ ಅವರ ಬುಟ್ಟಿಯ ಪಕ್ಕ ಯಾರೂ ಬುಟ್ಟಿ ಇಡುವುದಿಲ್ಲವಂತೆ. ಈಗ ಉದ್ಯಾವರದಲ್ಲಿ ಹೆದ್ದಾರಿಯ ಬದಿ ಒಬ್ಬರೇ ಕೂತು ಒಣಮೀನು ಮಾರುತ್ತಾರಂತೆ.

ಜಗಳಕ್ಕೆ ಬಂದಿದ್ದಾರೆ ಎಂದು ನಾನು ಸಿದ್ಧವಾಗಿ ಕೂತಿದ್ದೆ. ಅವರಿಗೆ ಬೇಕಾದ್ದು ಬೇರೆಯೇ.

“ಇವರು ಸರಿಯಾಗಿ ಊಟ ಮಾಡದೆ ತಿಂಗಳಾಯಿತು ಮೇಡಂ. ತಪ್ಪು ಮಾಡಿದ್ದರೆ ಮಾಡಿದ್ದು. ಮನುಷ್ಯರಲ್ವಾ? ದೈವಕ್ಕೆ ತಪ್ಪುಕಾಣಿಕೆ ಹಾಕಿದರೆ ಮುಗಿಯಿತು, ಸಂಘದವರೂ ಮತ್ತೆ ಮಾತು ಎತ್ತುವುದಿಲ್ಲ. ಆದರೆ ಇಂಥ ತಪ್ಪು ಅಂತ ಹೇಳದೆ ಕಾಣಿಕೆ ಹಾಕುವುದು ಹೇಗೆ? ಇವರಿಗೆ ಅದೇ ಗೊತ್ತಿಲ್ಲ. ಎಂತ ತಪ್ಪು ಅಂತ ನೀವು ಒಂದು ಹೇಳಿ. ಓದಿದವರು ನೀವು.”

ಬರುವ ಭಾನುವಾರ ಮನೆಗೆ ಬರುತ್ತೇನೆ ಎಂದೆ. ಅವರು ಕೈ ಮುಗಿದರು. ನಾನೂ ಮುಗಿದೆ. ಭಾನುವಾರ ಎಲ್ಲವನ್ನೂ ಹೇಳಿಬಿಡುವುದು. ಜಿತೇಂದ್ರ ಏನಾದರೂ ಮಾಡಿಕೊಳ್ಳಲಿ.

೨೮ ಜುಲೈ, ಭಾನುವಾರ

ಕಾಪುವಿಗೆ, ದೂಮಪ್ಪನವರ ಮನೆಗೆ ಹೋಗಿ ಬಂದೆ. ನಕಲು ಮಾಡಿದ ದಾಖಲೆಯನ್ನು ಪ್ರಿಂಟ್ ತೆಗೆದು ಚೀಲದಲ್ಲಿ ಇಟ್ಟುಕೊಂಡಿದ್ದೆ. ಬಸ್ಸಿನಲ್ಲಿ ಎರಡು ಸಲ ಮಾತುಗಳನ್ನು ಜೋಡಿಸಿಕೊಂಡೆ. ಹೇಳಲಿಕ್ಕೇ ಹೋದವಳು ನಾನು, ಅದರಲ್ಲಿ ಸುಳ್ಳಿಲ್ಲ.

ದೂಮಪ್ಪ ಇಳಿದುಹೋಗಿದ್ದಾರೆ. ಜಗಲಿಯಲ್ಲಿ ಬೆಂಚು ಹಾಕಿ ಕೂರಿಸಿದರು. ಸರಸ ಚಹಾ ತಂದು ಬಾಗಿಲಿಗೆ ಒರಗಿ ನಿಂತರು. ನಾನು ಚೀಲಕ್ಕೆ ಕೈ ಹಾಕುವ ಮೊದಲೇ ದೂಮಪ್ಪ ಮಾತು ಶುರು ಮಾಡಿದರು, ತಿಂಗಳಿಂದ ಕಟ್ಟಿಟ್ಟದ್ದು.

“ಮೇಡಂ, ನಾನು ತುಂಬ ಯೋಚನೆ ಮಾಡಿದೆ. ಆಫ್ ಮಾಡಿ ಹತ್ತು ಎಣಿಸಿ ಆನ್ ಮಾಡಿ ಅಂತ ನೀವು ಹೇಳಿದ್ದಿರಿ. ನಾನು ಎಣಿಸಿದ್ದು ತುಳುವಿನಲ್ಲಿ. ಒಂಜಿ, ರಡ್ಡ್, ಮೂಜಿ ಅಂತ. ನನಗೆ ಗಾಬರಿ ಇತ್ತು, ಐಸಿನ ಚಿಂತೆ. ಬೇಗ ಎಣಿಸಿದೆ. ಎಂಟಕ್ಕೇ ಒತ್ತಿದೆನೋ ಎಂತದೋ. ಅದೇ ಅಲ್ವಾ ಆಗಿದ್ದು?”

ಎಂಟಾದರೂ ಅಷ್ಟೇ, ಹತ್ತಾದರೂ ಅಷ್ಟೇ, ಸಾವಿರ ಎಣಿಸಿದರೂ ಅಷ್ಟೇ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಷ್ಟು ಆಸೆಯಿಂದ ಯಾರೂ ನನ್ನನ್ನು ಯಾವತ್ತೂ ನೋಡಿಲ್ಲ. ಹೌದು ಎಂದರೆ ಬದುಕಿದೆ ಎಂಬ ಹಾಗೆ ಕೂತಿದ್ದರು. ಬಾಗಿಲಿನಲ್ಲಿ ಸರಸ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

“ಇರಬಹುದು” ಎಂದೆ.

ಇರಬಹುದು ಎಂದದ್ದು. ಹೌದು ಎನ್ನಲಿಲ್ಲ.

ದೂಮಪ್ಪ ಉಸಿರು ಬಿಟ್ಟರು. ಅಳುತ್ತಾರೆ ಎಂದುಕೊಂಡೆ, ನಕ್ಕರು. “ನೋಡು, ನಾನು ಹೇಳಲಿಲ್ವಾ?” ಎಂದು ಹೆಂಡತಿಯ ಕಡೆ ತಿರುಗಿದರು. ಸರಸ ಒಳಗೆ ಹೋಗಿ ಮೀನು ಹುರಿದರು. ಊಟ ಮಾಡದೆ ಹೋಗಬಾರದು ಎಂದು ಹಟ. ದೂಮಪ್ಪ ನನ್ನ ಎದುರೇ ಕೂತು ಎರಡು ಸಲ ಅನ್ನ ಹಾಕಿಸಿಕೊಂಡರು. ತಿಂಗಳ ಮೇಲೆ ಗಂಡ ಉಣ್ಣುವುದನ್ನು ಸರಸ ನಿಂತು ನೋಡಿದರು. ಆ ಹೊತ್ತಿನಲ್ಲಿ ಚೀಲದಿಂದ ಕಾಗದ ತೆಗೆಯುವವರು ಯಾರಾದರೂ ಇದ್ದರೆ ಅವರು ಮನುಷ್ಯರಲ್ಲ. ಒಬ್ಬರ ಮನೆಯ ನೆಮ್ಮದಿಗಿಂತ ಎರಡು ಮೂರರ ಕಥೆ ದೊಡ್ಡದೇ?

ಬಸ್ಸಿನಲ್ಲಿ ನಿದ್ದೆ ಬಂತು. ಜೂನಿನಿಂದ ಬಾರದ ನಿದ್ದೆ.

೧೯ ಆಗಸ್ಟ್, ಸೋಮವಾರ

ದೂಮಪ್ಪ ಕಚೇರಿಗೆ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಲೆಯ ಪೊಟ್ಟಣ. ಮೊನ್ನೆ ಸೋಣ ತಿಂಗಳ ಸಂಕ್ರಮಣಕ್ಕೆ ಸಂಘದ ಇಪ್ಪತ್ತೆರಡು ಹೆಂಗಸರ ಎದುರು, ‘ಹತ್ತು ಎಣಿಸಬೇಕಾದಲ್ಲಿ ಎಂಟು ಎಣಿಸಿದೆ’ ಎಂದು ದೈವಕ್ಕೆ ಹೇಳಿ ತಪ್ಪುಕಾಣಿಕೆ ಹಾಕಿದರಂತೆ. ಹೆಂಗಸರು ಅಲ್ಲಿಯೇ ಸರಸ ಅವರ ಕೈ ಹಿಡಿದರಂತೆ. ಮರುದಿನವೇ ಮಾರುಕಟ್ಟೆಯಲ್ಲಿ ಜಾಗ ಸಿಕ್ಕಿತು. ಬೋಟುಗಳು ಇಳಿದು ಶೈತ್ಯಾಗಾರಕ್ಕೆ ಜನ ಬೇಕಾಗಿತ್ತು, ಸರ್ವೋತ್ತಮ ಇವರನ್ನೇ ವಾಪಸು ಕರೆದರು.

“ನಿಮಗೆ ಪ್ರಸಾದ ಕೊಡದೆ ಹೇಗೆ ಮೇಡಂ? ಎಲ್ಲರೂ ನನ್ನದೇ ತಪ್ಪು ಅಂದರು. ಎಂತ ತಪ್ಪು ಅಂತ ಹೇಳಿದ್ದು ನೀವೊಬ್ಬರೇ.”

ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡೆ. ಗಂಧ, ಎರಡು ಎಸಳು ಅಡಿಕೆಯ ಹಿಂಗಾರ. ಜಿತೇಂದ್ರ ತಮ್ಮ ಕೋಣೆಯ ಗಾಜಿನಿಂದ ನೋಡಿ ನಕ್ಕು ತಲೆಯಾಡಿಸಿದರು. ಎಲ್ಲರಿಗೂ ಒಳ್ಳೆಯದೇ ಆಯಿತು. ನಾನು ಹೇಳಿದ್ದರೆ ಇಷ್ಟು ಚೆನ್ನಾಗಿ ಆಗುತ್ತಿತ್ತೇ ಎಂದು ಈಗಲೂ ಅನಿಸುತ್ತದೆ.

ಚಹಾ ತರಿಸಿದೆ. ಕೆಲಸ ಹೇಗಿದೆ, ಬೋಟಿನ ಹೊಸ ಮೀನು ಬಂತೇ ಎಂದು ವಿಚಾರಿಸಿದೆ. ಬಂದಿದೆಯಂತೆ, ತಂಪು ಕೋಣೆ ತುಂಬಿದೆಯಂತೆ.

“ನಿನ್ನೆ ಕರೆಂಟು ಹೋಗಿತ್ತಲ್ಲ, ಒಳಗೆ ತಂಪು ಸರಿ ಉಂಟಾ?” ಎಂದು ಕೇಳಿದೆ.

“ಒಳಗೆ ಹೋಗಿ ನೋಡುವುದಿಲ್ಲ ಮೇಡಂ. ಗೋಡೆಗೆ ಕೈ ಇಡುವುದನ್ನೂ ಬಿಟ್ಟೆ. ಇನ್ನು ಈ ಕೈಯನ್ನು ನಂಬುವುದಿಲ್ಲ ಅಂತ ದೈವದ ಎದುರು ಮಾತು ಕೊಟ್ಟಿದ್ದೇನೆ.” ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಚಹಾದ ಲೋಟ ತೆಗೆದುಕೊಂಡರು. “ಹಸಿರು ಉಂಟು.”